ಶಾಲೆಯ ಸಿಮೆಂಟ್ ಪತ್ರಾಸ್ (ಮಾಡಿನ ಶೀಟ್) ಒಡೆದು ಬಿದ್ದಿದೆ, ಯಾರಿಗೆ ಹೇಳೋದು, ಏನಂತ ಹೇಳೋದು?

ಪ್ರಶ್ನೆ: "ಸರ, ನಾವು ಚಿಂಚವಡದಾಗ ಇರ್ತೀವಿ, ಊರು ವಿಜಯಪುರ ಕಡೆ. ಮಗ ನಾಕನೇ ಕ್ಲಾಸ್, ಖಾಸಗಿ ಸಾಲಿ. ಅವರ ಕ್ಲಾಸ್ ಎಲ್ಲಾಕಿಂತ ಮ್ಯಾಲಿನ ಮಾಳಿಗಿ, ಸ್ಲ್ಯಾಬ್ ಇಲ್ಲ, ಸಿಮೆಂಟ್ ಪತ್ರಾಸ್ ಹಾಕ್ಯಾರ, ಕೆಳಗ ಸೀಲಿಂಗೂ ಇಲ್ಲ. ಮೇ ಸೂಟಿಯೊಳಗ ಸೋರತಾವಂತ ನಾಕೈದು ಪತ್ರಾಸ್ ಬದಲಿ ಮಾಡಿದ್ರು, ಒಡದ ತುಂಡು ಎಲ್ಲಾ ಗ್ರೌಂಡಿನ ಮೂಲ್ಯಾಗ ಒಗದಾರ, ಇನ್ನೂ ಅಲ್ಲೇ ಬಿದ್ದಾವ, ಹುಡುಗ್ರು ಅದರ ಮ್ಯಾಲ ಜಿಗದಾಡತಾವ. ಹೋದ ವಾರ ಮಗನ ಕಂಪಾಸ್ ಪೆಟಗಿ ತಗದ್ರ ಅದರಾಗ ಒಂದು ತುಂಡು, ಕುಂಟಾಬಿಲ್ಲಿ ಆಡಾಕ ಇಟಗೊಂಡೀನಿ ಅಂದ. ಫೋನಿನ್ಯಾಗ ನೋಡಿದ್ರ ಇದರಾಗ ಅಸ್ಬೆಸ್ಟಾಸ್ ಇರತೈತಿ, ಕ್ಯಾನ್ಸರ್ ಬರತೈತಿ ಅಂತ ಬಂತು, ಆವತ್ತಿಂದ ನನಗ ನಿದ್ದಿಲ್ಲ. ಮಳಿ ಚಾಲೂ ಆದಾಗಿಂದ ಅವಗ ಕೆಮ್ಮೂ ಐತಿ. ಹೆಡ್ ಮೇಡಮ್ಮಗ ಕೇಳಿದ್ರ, ಐಎಸ್‌ಐ ಮಾರ್ಕಿನ ಮಾಲ್ ಐತ್ರಿ, ಸರ್ಕಾರದವ್ರೇ ಮಾರಾಕ ಬಿಟ್ಟಾರ, ಅರ್ಧ ಪುಣೆ ಇದರ ಕೆಳಗೇ ಮಲಗತೈತಿ ಅಂದ್ರು. ಮಗಗ ಸಿಟಿ ಸ್ಕ್ಯಾನ್ ಮಾಡಸಲೇನ್ರಿ? ಕಂಪ್ಲೇಂಟ್ ಎಲ್ಲಿ ಕೊಡಬೇಕು? ಕೊಟ್ರ ಹುಡುಗಗ ತ್ರಾಸ್ ಆಗತೈತೇನೋ ಅಂತ ಅಂಜಿಕಿ."

ಉತ್ತರ:

ಅಕ್ಕಾರೇ, ಮೊದಲು ನಿಮ್ಮ ನಿದ್ದೆ ವಿಷಯ. ಮಗ ಆ ತುಂಡನ್ನ ಕಂಪಾಸ್ ಪೆಟ್ಟಿಗೇಲಿ ಇಟ್ಕೊಂಡಿದ್ದಕ್ಕೆ, ಅದನ್ನ ಎಸೆದು ಕುಂಟಾಬಿಲ್ಲೆ ಆಡಿದ್ದಕ್ಕೆ ಕ್ಯಾನ್ಸರ್ ಬಂದೇಬಿಡುತ್ತೆ ಅಂತ ಹೆದರಬೇಕಾಗಿಲ್ಲ. ಇದನ್ನ ನಿಮ್ಮನ್ನ ಸಮಾಧಾನ ಮಾಡೋಕೆ ಹೇಳ್ತಿಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಭೋಸರಿ, ಚಾಕಣ, ಆ ಕಡೆ ಠಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲಿ ಧೂಳು ಅಳೆಯೋದೇ ನನ್ನ ಕೆಲಸ, ಕೆಲಸಗಾರನ ಕಾಲರಿಗೆ ಫಿಲ್ಟರ್ ಸಿಕ್ಕಿಸಿ, ಸೊಂಟಕ್ಕೆ ಸಣ್ಣ ಪಂಪು ಕಟ್ಟಿ, ಇಡೀ ಪಾಳಿ ಅವನು ಉಸಿರಾಡಿದ ಗಾಳೀಲಿ ಎಷ್ಟು ಅಸ್ಬೆಸ್ಟಾಸ್ ನಾರು, ಅಂದ್ರೆ ಆ ಖನಿಜದ ಸಣ್ಣ ಎಳೆ, ಇತ್ತು ಅಂತ ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಕೂತು ಎಣಿಸೋದು. ಆ ಲೆಕ್ಕ ಗೊತ್ತಿರೋದ್ರಿಂದ ಹೇಳ್ತೀನಿ, ನಿಮ್ಮ ಮಗನ ಕೈಗೆ ಬಂದ ತುಂಡಿನಿಂದ ಆಗಿರೋ ಅಪಾಯ ತುಂಬಾ ಸಣ್ಣದು. ಆದ್ರೆ ಆ ಮೂಲೆಯ ರಾಶಿ ಸಣ್ಣ ವಿಷಯ ಅಲ್ಲ. ಮೇ ರಜೇಲಿ ಆ ಪತ್ರಾಸ್ ಹೇಗೆ ಕತ್ತರಿಸಿದ್ರು, ಆಮೇಲೆ ಕ್ಲಾಸನ್ನ ಯಾರು ಹೇಗೆ ಗುಡಿಸಿದ್ರು ಅನ್ನೋದೂ ಸಣ್ಣ ವಿಷಯ ಅಲ್ಲ. ನೀವು ಬೆನ್ನು ಹತ್ತಬೇಕಾದ್ದು ಇದನ್ನ.

ಸಿಟಿ ಸ್ಕ್ಯಾನ್ ಬೇಡವೇ ಬೇಡ. ಅಸ್ಬೆಸ್ಟಾಸ್‌ನ ಕಾಯಿಲೆಗಳು ವಾರದಲ್ಲಿ, ವರ್ಷದಲ್ಲಿ ಕಾಣಿಸ್ಕೊಳ್ಳೋವಲ್ಲ, ನಾರು ಒಳಗೆ ಹೋದಮೇಲೆ ಸಾಮಾನ್ಯವಾಗಿ 20ರಿಂದ 40 ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಡಿಯುತ್ತೆ. ಅಸ್ಬೆಸ್ಟಾಸ್ ಕಾರ್ಮಿಕರ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ತೀರ್ಪು ಕೊಟ್ಟಾಗ, ಒಬ್ಬ ಕೆಲಸಗಾರ ಸೇರಿದ ದಿನದಿಂದ ಕಮ್ಮಿ ಅಂದ್ರೂ 40 ವರ್ಷ ಅವನ ಆರೋಗ್ಯದ ದಾಖಲೆ ಇಟ್ಕೊಳ್ಳಿ ಅಂತ ಕಾರ್ಖಾನೆಗಳಿಗೆ ಹೇಳಿದ್ದು ಇದೇ ಕಾರಣಕ್ಕೆ. ಒಂಬತ್ತು ವರ್ಷದ ಮಗುವಿಗೆ ಈಗ ಸ್ಕ್ಯಾನ್ ಮಾಡಿದ್ರೆ ಏನೂ ಕಾಣಲ್ಲ, ಸುಮ್ಮನೆ ಮೈಗೆ ರೇಡಿಯೇಷನ್ ಹೋಗುತ್ತೆ ಅಷ್ಟೆ. ಕೆಮ್ಮು ಬೇರೆ ವಿಷಯ, ಮಕ್ಕಳ ಡಾಕ್ಟರಿಗೆ ತೋರಿಸಿ, ತೋರಿಸುವಾಗ ಕ್ಲಾಸ್ ಸೋರುತ್ತೆ ಅನ್ನೋದನ್ನ ಹೇಳೋಕೆ ಮರೀಬೇಡಿ. ಸೋರೋ ಕೋಣೆ, ಒದ್ದೆ ಗೋಡೆ, ಮೂಲೆಯ ಬೂಷ್ಟು, ಇವು ಮಕ್ಕಳಿಗೆ ಕೆಮ್ಮು ದಮ್ಮು ತರಿಸ್ತವೆ, ಅದೂ ಈಗಲೇ, ಈ ಮಳೆಗಾಲದಲ್ಲೇ. ಅಸ್ಬೆಸ್ಟಾಸ್ ಮೇಲೆ ಅನುಮಾನ ಹೋಗಿ ಈ ಬೂಷ್ಟಿನ ಕಡೆ ಯಾರೂ ನೋಡದೇ ಇರೋದನ್ನ ನಾನು ಬಹಳ ಸಲ ಕಂಡಿದ್ದೀನಿ.

ನೀವು ಫೋನಲ್ಲಿ ಓದಿದ್ದು ಸುಳ್ಳಲ್ಲ, ಆದ್ರೆ ಅದರಲ್ಲಿ ಹೆಚ್ಚಿನದು ಇಂಗ್ಲೆಂಡು, ಅಮೆರಿಕದ ಶಾಲೆಗಳ ಕಥೆ. ಅಲ್ಲಿ ಬೆಂಕಿ ತಡೀಲಿ ಅಂತ ಉಕ್ಕಿನ ತೊಲೆಗಳಿಗೆ ಅಸ್ಬೆಸ್ಟಾಸ್ ಸ್ಪ್ರೇ ಮಾಡಿದ್ರು, ಬಿಸಿನೀರಿನ ಪೈಪಿಗೆ ಹತ್ತಿ ಥರ ಸುತ್ತಿದ್ರು, ಅದು ಹಳೇದಾದಮೇಲೆ ಬೆರಳಲ್ಲಿ ಹಿಸುಕಿದ್ರೆ ಪುಡಿ ಆಗುತ್ತೆ, ಬಾಗಿಲು ಜೋರಾಗಿ ಹಾಕಿದ್ರೂ ಉದುರುತ್ತೆ. ನಮ್ಮ ಪತ್ರಾಸ್ ಹಾಗಲ್ಲ. ಇದರಲ್ಲಿ ನಾರು ಸಾಮಾನ್ಯವಾಗಿ ಶೇ 8ರಿಂದ 10ರಷ್ಟು, ಮಿಕ್ಕಿದ್ದು ಸಿಮೆಂಟು, ಹಾರುಬೂದಿ, ಆ ಸಿಮೆಂಟೇ ನಾರನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ. ಒಡಕಿಲ್ಲದ ಗಟ್ಟಿ ಪತ್ರಾಸ್ ಸುಮ್ಮನೆ ತಲೆ ಮೇಲೆ ಇದ್ರೆ ಅದರ ಕೆಳಗಿನ ಗಾಳಿಗೂ ಹೊರಗಿನ ಗಾಳಿಗೂ ದೊಡ್ಡ ವ್ಯತ್ಯಾಸ ಸಿಗೋದು ಅಪರೂಪ. ನಾರು ಬಿಡೋದು ಯಾವಾಗ ಅಂದ್ರೆ ಕಟ್ಟರ್ ಮಷೀನ್ ಹಿಡಿದು ಕೊಯ್ದಾಗ, ಫ್ಯಾನ್ ಹುಕ್ಕಿಗೋ ಸಿಸಿಟಿವಿ ವೈರಿಗೋ ಡ್ರಿಲ್ ಹೊಡೆದಾಗ, ಸುತ್ತಿಗೆಯಲ್ಲಿ ಒಡೆದಾಗ, ಪಾಚಿ ತೆಗೀತೀವಿ ಅಂತ ತಂತಿ ಬ್ರಷ್ಷಲ್ಲಿ ಉಜ್ಜಿದಾಗ, ಜೋರು ನೀರಿನ ಮಷೀನ್ ಬಿಟ್ಟು ತೊಳೆದಾಗ. ಇಪ್ಪತ್ತು ಮೂವತ್ತು ಮಳೆಗಾಲ ಕಂಡ ಪತ್ರಾಸಾದ್ರೆ ಮೇಲಿನ ಸಿಮೆಂಟ್ ಸವೆದು ನಾರು ಹೊರಗೆ ಕಾಣೋಕೆ ಶುರುವಾಗುತ್ತೆ, ಮುಟ್ಟಿದ್ರೆ ಬೆರಳಿಗೆ ಬೂದುಬಣ್ಣದ ಪುಡಿ ಹತ್ತುತ್ತೆ, ಆ ಸ್ಥಿತಿಗೆ ಬಂದದ್ದನ್ನ ಮಾತ್ರ ಬಹಳ ದಿನ ಬಿಡಬಾರದು.

ಈಗ ಹೆಡ್ ಮೇಡಂ ಹೇಳಿದ ಮಾತು. ಅವರು ಸುಳ್ಳು ಹೇಳಿಲ್ಲ, ಅವರಿಗೆ ಯಾರೋ ಅಂಗಡಿಯವರು ಹೇಳಿದ್ದನ್ನೇ ಹೇಳಿದ್ದಾರೆ. ಬಿಳಿ ಅಸ್ಬೆಸ್ಟಾಸ್ ಅಂತೀವಲ್ಲ, ಕ್ರೈಸೊಟೈಲ್, ಅದರ ಸಿಮೆಂಟ್ ಪತ್ರಾಸ್ ನಮ್ಮಲ್ಲಿ ಅಂಗಡೀಲಿ ಸಿಗುತ್ತೆ ಅನ್ನೋದು ನಿಜ. ಐಎಸ್‌ಐ ಮಾರ್ಕ್ ಇರುತ್ತೆ ಅನ್ನೋದೂ ನಿಜ. ಆದ್ರೆ ಆ ಮಾರ್ಕಿನ ಹಿಂದೆ ಇರೋ ಐಎಸ್ 459 ಅನ್ನೋ ಮಾನದಂಡ ನೋಡೋದು ಏನು ಗೊತ್ತಾ, ಪತ್ರಾಸ್ ಎಷ್ಟು ಭಾರ ತಡ್ಕೊಳ್ಳುತ್ತೆ, ನೀರು ಇಳಿಯುತ್ತಾ ಇಲ್ವಾ, ಉದ್ದ ಅಗಲ ದಪ್ಪ ಸರಿಯಿದೆಯಾ ಅಂತ. ಅದನ್ನ ಕೊಯ್ದಾಗ ಹಾರೋ ಧೂಳು ಮಕ್ಕಳಿಗೆ ಆಗುತ್ತಾ ಅನ್ನೋ ಪ್ರಶ್ನೆಗೆ ಆ ಮಾರ್ಕ್ ಉತ್ತರ ಅಲ್ಲ. ಸುರಕ್ಷಿತವಾಗಿ ಬಳಸೋದು ಹೇಗೆ ಅಂತ ಹೇಳೋಕೆ ಆ ಮಾರ್ಕ್ ಕೊಡೋ ಸಂಸ್ಥೆ ಬಿಐಎಸ್‌ನವರದ್ದೇ ಬೇರೆ ಮಾರ್ಗಸೂಚಿ ಇದೆ, ಐಎಸ್ 11769, ಏನೂ ಅಪಾಯ ಇಲ್ಲದ ಮಾಲಿಗೆ ಯಾರೂ ಬೇರೆ ಮಾರ್ಗಸೂಚಿ ಬರೆಯೋಕೆ ಹೋಗಲ್ಲ. ಬಿಳೀದು ಪರವಾಗಿಲ್ಲ, ನೀಲಿದು ಮಾತ್ರ ಕೆಟ್ಟದು ಅನ್ನೋ ಮಾತನ್ನೂ ನೀವು ಕೇಳ್ತೀರಿ. ನೀಲಿ ಹೆಚ್ಚು ಕೆಟ್ಟದು ನಿಜ, ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಬಿಳಿ ಸೇರಿ ಎಲ್ಲಾ ಬಗೆಯ ಅಸ್ಬೆಸ್ಟಾಸನ್ನೂ ಒಂದನೇ ಗುಂಪಿಗೆ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಖಾತ್ರಿಯಾದ ಗುಂಪಿಗೆ ಸೇರಿಸಿದೆ, ತಂಬಾಕಿನ ಹೊಗೆ ಇರೋದೂ ಅದೇ ಗುಂಪಲ್ಲಿ. ಇಂಗ್ಲೆಂಡ್ 1999ರಲ್ಲಿ ಬಿಳೀದನ್ನೂ ನಿಲ್ಲಿಸ್ತು, ಆಸ್ಟ್ರೇಲಿಯಾ 2003ರ ಕೊನೆಗೆ, ನಮ್ಮ ಪಕ್ಕದ ನೇಪಾಳ 2015ರಲ್ಲಿ, ಅಮೆರಿಕ 2024ರಲ್ಲಿ. ನಾವು ನಮ್ಮ ಗಣಿಗಳಿಗೆ ಹೊಸ ಲೀಸ್ ಕೊಡೋದನ್ನ 1986ರಲ್ಲೇ ನಿಲ್ಲಿಸಿ, ರಷ್ಯಾದಿಂದ ತರಿಸಿ ಪತ್ರಾಸ್ ಮಾಡ್ತಾ ಇದ್ದೀವಿ. ನನಗೆ ಇದು ಸರಿ ಅನ್ಸಲ್ಲ, ಅದನ್ನ ಮುಚ್ಚಿಡಲ್ಲ. ಆದ್ರೂ ನಿಮ್ಮ ಅರ್ಜೀಲಿ 'ಇದು ಬ್ಯಾನ್ ಆಗಿರೋ ಮಾಲು' ಅಂತ ಬರೀಬೇಡಿ, ಆ ಒಂದು ತಪ್ಪು ಸಾಲು ಹಿಡ್ಕೊಂಡು ಇಡೀ ಅರ್ಜೀನ ಬದಿಗಿಡ್ತಾರೆ.

ಅರ್ಧ ಪುಣೆ ಇದರ ಕೆಳಗೆ ಮಲಗುತ್ತೆ ಅನ್ನೋದೂ ಹೌದು. ಅಸ್ಬೆಸ್ಟೋಸಿಸ್ ಅನ್ನೋ ಶ್ವಾಸಕೋಶ ಗಟ್ಟಿಯಾಗೋ ಕಾಯಿಲೆ ವರ್ಷಗಟ್ಟಲೆ ದಟ್ಟ ಧೂಳಲ್ಲಿ ಕೆಲಸ ಮಾಡಿದವರಿಗೆ ಬರೋದು, ಪತ್ರಾಸ್ ಕೆಳಗೆ ಮಲಗಿದವರಿಗೆ ಅಲ್ಲ. ಆದ್ರೆ ಮೆಸೋಥೆಲಿಯೋಮಾ ಅಂತ ಇನ್ನೊಂದು ಇದೆ, ಶ್ವಾಸಕೋಶದ ಸುತ್ತಲಿನ ಪೊರೆಯ ಕ್ಯಾನ್ಸರ್, ಅದಕ್ಕೆ ಕಾರ್ಖಾನೆಯಷ್ಟು ಧೂಳು ಬೇಕಾಗಿಲ್ಲ, ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೂ ಬಂದಿದೆ. ಇಷ್ಟರ ಕೆಳಗಾದ್ರೆ ಏನೂ ಆಗಲ್ಲ ಅನ್ನೋ ಗೆರೆ ಯಾರೂ ಎಳೆದಿಲ್ಲ. ದೊಡ್ಡವರಿಗಿಂತ ಮಕ್ಕಳ ವಿಷಯ ಬೇರೆ ಯಾಕಂದ್ರೆ ಅವರ ಮುಂದೆ ಅರವತ್ತು ಎಪ್ಪತ್ತು ವರ್ಷ ಇದೆ, 40 ವರ್ಷ ಕಾಯೋ ಕಾಯಿಲೆಗೆ ಅಷ್ಟು ಸಮಯ ಸಾಕು. ಅದಕ್ಕೇ ಒಂದು ಕಡೆ ನಿಮಗೆ ಹೆದರಬೇಡಿ ಅಂತೀನಿ, ಇನ್ನೊಂದು ಕಡೆ ಆ ರಾಶಿ ಇನ್ನೊಂದು ವಾರವೂ ಅಲ್ಲಿ ಇರಬಾರದು ಅಂತೀನಿ.

ಇಲ್ಲಿ ನನ್ನ ಒಂದು ಅನುಭವ ಹೇಳ್ತೀನಿ, ಉತ್ತರ ಉದ್ದ ಆಗ್ತಿರೋದು ಇದರಿಂದಲೇ. ಸುಮಾರು ವರ್ಷದ ಹಿಂದೆ ಮುಂಬೈ ಉಪನಗರದ ಒಂದು ಶಾಲೆಯ ಪಾಲಕರು ನನ್ನನ್ನ ಕೇಳಿದ್ರು, ನಮ್ಮವರೇ, ಕನ್ನಡದವರು ಇದ್ರು ಅವರಲ್ಲಿ. ನಾನು ಅರ್ಜಿ ಬರೆದುಕೊಟ್ಟೆ, ಮಕ್ಕಳ ಆರೋಗ್ಯಕ್ಕೆ ಅಪಾಯ ಇದೆ, ಕೂಡಲೇ ಪತ್ರಾಸ್ ತೆಗೀಬೇಕು ಅಂತ ಖಾರವಾಗಿಯೇ ಬರೆದೆ. ಪಾಲಕರು ಗಟ್ಟಿಯಾಗಿ ನಿಂತ್ರು, ಪೇಪರಲ್ಲೂ ಬಂತು, ಮ್ಯಾನೇಜ್‌ಮೆಂಟ್ ಹೆದರ್ತು. ದೀಪಾವಳಿ ರಜೇಲಿ ನಾಕು ಜನ ಕೂಲಿಯವರನ್ನ ಮೇಲೆ ಹತ್ತಿಸಿ, ಸುತ್ತಿಗೆಯಲ್ಲಿ ಒಡೆದು ಒಡೆದು ಒಳಗೇ ಬೀಳಿಸಿದ್ರು, ಕೆಳಗೆ ಬೆಂಚು, ಗೋಡೆ ಮೇಲೆ ಮಕ್ಕಳು ಅಂಟಿಸಿದ ಚಿತ್ರಗಳು, ಎಲ್ಲಾ ಇದ್ದ ಹಾಗೇ. ಆಮೇಲೆ ಒಣ ಪೊರಕೇಲಿ ಗುಡಿಸಿ ಶಾಲೆ ಶುರು ಮಾಡಿದ್ರು. ಪಾಲಕರು ಗೆದ್ದೆವು ಅಂತ ನನಗೆ ಪೇಢೆ ತಂದ್ರು. ನಾನು ಹೋಗಿ ನೋಡಿದಾಗ ಶಾಲೆ ಶುರುವಾಗಿ ಮೂರನೇ ದಿನ, ಕಿಟಕಿ ಕಟ್ಟೆ ಮೇಲೆ ಬೆರಳಿಟ್ಟೆ, ಬೂದಿ ಮೆತ್ತಿದ ಹಾಗೆ ಧೂಳು. ಅಷ್ಟು ವರ್ಷ ಆ ಪತ್ರಾಸ್ ಸುಮ್ಮನೆ ಕೂತು ಬಿಟ್ಟಿದ್ದಕ್ಕಿಂತ ಜಾಸ್ತಿ ನಾರು ಆ ಎರಡು ದಿನದಲ್ಲಿ ಆ ಕೋಣೆಗೆ ಇಳಿದಿರಬೇಕು. ತೆಗೀರಿ ಅಂತ ಬರೆದಿದ್ದೆ, ಹೇಗೆ ತೆಗೀಬೇಕು ಅಂತ ಒಂದು ಸಾಲೂ ಬರೆದಿರಲಿಲ್ಲ. ಆ ತಪ್ಪು ನನ್ನದೇ. ಆ ನಾಕು ಜನ ಕೂಲಿಯವರು ಯಾದಗಿರಿ ಕಡೆಯವರು, ಮೂಗಿಗೆ ಟವೆಲ್ ಕಟ್ಕೊಂಡಿದ್ರಂತೆ, ಅವರನ್ನ ಹುಡುಕಿ ಹೋದೆ, ಆಗಲೇ ಬೇರೆ ಸೈಟಿಗೆ ಹೋಗಿಬಿಟ್ಟಿದ್ರು, ಸಿಗಲಿಲ್ಲ.

ಅದಕ್ಕೇ ನಿಮ್ಮ ಅರ್ಜಿಯ ಮೊದಲ ಸಾಲು 'ಪತ್ರಾಸ್ ತೆಗೀರಿ' ಅಂತ ಇರೋದು ಬೇಡ. ಮೊದಲು 'ಅದನ್ನ ಯಾರೂ ಕೊಯ್ಯಬಾರದು, ಒಡೀಬಾರದು, ಒಣಗಿದ್ದಾಗ ಗುಡಿಸಬಾರದು', ಆಮೇಲೆ 'ಬಿದ್ದಿರೋ ರಾಶೀನ ಸರಿಯಾದ ರೀತೀಲಿ ಎತ್ತಬೇಕು', ಆಮೇಲೆ 'ಯಾವ ಯಾವ ಕೋಣೆ ಮೇಲೆ ಈ ಪತ್ರಾಸ್ ಇದೆ ಅಂತ ಬರೆದಿಡಬೇಕು', ತೆಗೆಯೋ ಮಾತು ಇವೆಲ್ಲಾ ಆದಮೇಲೆ. ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಅಮೆರಿಕದವರು ಶಾಲೆಗಳಿಗೆ ಅಂತಲೇ 1986ರಲ್ಲಿ ಒಂದು ಕಾನೂನು ಮಾಡಿದ್ರು, ಅದು ಎಲ್ಲಾ ಕಿತ್ತುಹಾಕಿ ಅನ್ನಲಿಲ್ಲ, ಎಲ್ಲಿದೆ ಹುಡುಕಿ, ಬರೆದಿಡಿ, ಅದಕ್ಕೊಬ್ಬ ಜವಾಬ್ದಾರಿ ವ್ಯಕ್ತೀನ ಇಡಿ, ಪಾಲಕರಿಗೆ ತಿಳಿಸಿ, ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಿ ಅಂತು. ತಪ್ಪು ರೀತೀಲಿ ತೆಗೆದ್ರೆ ಇಲ್ಲದ ಅಪಾಯವನ್ನ ನಾವೇ ಹುಟ್ಟಿಸಿದ ಹಾಗೆ ಅಂತ ಅಲ್ಲಿನ ಪರಿಸರ ಇಲಾಖೆ 1990ರಲ್ಲೇ ಹೇಳಿದೆ.

ಇನ್ನು ಕೆಲಸಕ್ಕೆ ಬರೋಣ. ಮಗನ ಹತ್ರ ಇರೋ ತುಂಡನ್ನ ಎಸೀಬೇಡಿ, ಅದೇ ನಿಮ್ಮ ಸ್ಯಾಂಪಲ್. ಎರಡು ಹನಿ ನೀರು ಹಾಕಿ ಒದ್ದೆ ಮಾಡಿ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟೇಪ್ ಹಚ್ಚಿ, ಆ ಚೀಲವನ್ನ ಇನ್ನೊಂದು ಚೀಲಕ್ಕೆ ಹಾಕಿ ಮತ್ತೆ ಟೇಪ್ ಹಚ್ಚಿ, ಮೇಲೆ ತಾರೀಕು ಬರೀರಿ, ಶಾಲೆಯ ಯಾವ ಮೂಲೇಲಿ ಸಿಕ್ತು ಅಂತ ಬರೀರಿ. ಕಂಪಾಸ್ ಪೆಟ್ಟಿಗೆ, ದಪ್ತರ (ಶಾಲೆ ಚೀಲ) ಒದ್ದೆ ಬಟ್ಟೇಲಿ ಒರೆಸಿ ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ ಕಟ್ಟಿ, ಝಾಡಿಸೋದು, ಊದೋದು, ವ್ಯಾಕ್ಯೂಮ್ ಹಿಡಿಯೋದು ಬೇಡ. ಮಗನಿಗೆ ಬೈಬೇಡಿ. ಮಕ್ಕಳು ಬಿಲ್ಲೆಗೆ ಚಪ್ಪಟೆ ತುಂಡು ಹುಡುಕೋದು ನಮ್ಮ ಕಾಲದಿಂದ ಇದ್ದದ್ದೇ, ತಪ್ಪು ಅದನ್ನ ಅಲ್ಲಿ ಬಿಟ್ಟವರದ್ದು.

ಅದರಲ್ಲಿ ನಿಜವಾಗ್ಲೂ ಅಸ್ಬೆಸ್ಟಾಸ್ ಇದೆಯಾ ಅಂತ ಕಣ್ಣಲ್ಲಿ ನೋಡಿ ನನಗೂ ಹೇಳೋಕಾಗಲ್ಲ. ನಮ್ಮಲ್ಲಿ ಬೂದುಬಣ್ಣದ ಅಲೆಅಲೆ ಸಿಮೆಂಟ್ ಪತ್ರಾಸ್ ಅಂದ್ರೆ ಬಹುಪಾಲು ಅದೇ, ಆದ್ರೆ ಅಸ್ಬೆಸ್ಟಾಸ್ ಇಲ್ಲದ ಫೈಬರ್ ಸಿಮೆಂಟ್ ಪತ್ರಾಸೂ ಬಂದಿವೆ, ನೋಡೋಕೆ ಒಂದೇ ಥರ. ರಾಶೀಲಿ ಅಚ್ಚು ಹೊಡೆದ ಮಾರ್ಕ್ ಇರೋ ತುಂಡು ಕಂಡ್ರೆ ಮುಟ್ಟದೇ ಫೋಟೋ ತೆಗೀರಿ, ಐಎಸ್ ನಂಬರ್ 459 ಅಂತಿದ್ರೆ ಅಲ್ಲಿಗೆ ಗೊತ್ತಾಯ್ತು. ಮಾರ್ಕ್ ಇಲ್ಲಾಂದ್ರೆ ಲ್ಯಾಬು. ಪುಣೆ ಮುಂಬೈಯಲ್ಲಿ ಲ್ಯಾಬಿಗೆ ಫೋನ್ ಮಾಡಿ ಕೇಳೋ ಮಾತು ಇಷ್ಟು: ಗಟ್ಟಿ ವಸ್ತುವಿನ ಸ್ಯಾಂಪಲ್‌ನಲ್ಲಿ ಅಸ್ಬೆಸ್ಟಾಸ್ ಇದೆಯಾ ಅಂತ ಪೋಲರೈಸ್ಡ್ ಲೈಟ್ ಮೈಕ್ರೋಸ್ಕೋಪಿ ಮಾಡ್ತೀರಾ, ಈ ಟೆಸ್ಟಿಗೇ ನಿಮಗೆ ಎನ್‌ಎಬಿಎಲ್ ಮಾನ್ಯತೆ ಇದೆಯಾ. ಲ್ಯಾಬಿಗೆ ಮಾನ್ಯತೆ ಇದ್ರೂ ಈ ಟೆಸ್ಟಿಗೆ ಇರಲೇಬೇಕು ಅಂತಿಲ್ಲ, ಅದಕ್ಕೇ ಹೀಗೆ ಬಿಡಿಸಿ ಕೇಳಬೇಕು. ಗಾಳಿ ಟೆಸ್ಟ್ ಮಾಡಿಸಿ ಅಂತ ಯಾರಾದ್ರೂ ಹೇಳಿದ್ರೆ ಈಗ ದುಡ್ಡು ಹಾಕಬೇಡಿ, ಒಂದು ದಿನ, ಯಾರೂ ಏನೂ ಕೊಯ್ಯದಿದ್ದಾಗ ತೆಗೆದ ಗಾಳೀಲಿ ಏನೂ ಸಿಗಲ್ಲ, ಆ ರಿಪೋರ್ಟ್ ಹಿಡ್ಕೊಂಡು ಎಲ್ಲಾ ಸರಿ ಇದೆ ಅಂತ ಶಾಲೆಯವರು ಫೈಲ್ ಮುಚ್ತಾರೆ. ಇನ್ನೊಂದು, ಸ್ಯಾಂಪಲ್ ಬೇಕು ಅಂತ ನೀವೇ ಕ್ಲಾಸಿನ ಮಾಡಿನಿಂದ ತುಂಡು ಮುರಿಯೋಕೆ ಹೋಗಬೇಡಿ, ಇರೋದೇ ಸಾಕು.

ಅರ್ಜಿ ಮೊದಲು ಶಾಲೆಗೇ ಕೊಡಿ. ಹೆಡ್ ಮೇಡಂ ಹೆಸರಿಗೆ, ಸಂಸ್ಥೆಯ ಅಧ್ಯಕ್ಷರಿಗೆ ಒಂದು ಪ್ರತಿ, ನಿಮ್ಮ ಪ್ರತಿ ಮೇಲೆ ಸಹಿ ಶಿಕ್ಕಾ ಹಾಕಿಸಿ ಪೋಚ್, ಅಂದ್ರೆ ಅರ್ಜಿ ತಲುಪಿದ್ದಕ್ಕೆ ಗುರುತು, ತಗೊಳ್ಳಿ, ಪೋಚ್ ಇಲ್ಲದ ಅರ್ಜಿ ಕೊಟ್ಟ ಹಾಗೇ ಅಲ್ಲ. ಮರಾಠೀಲಿ ಬರೆಸಿದ್ರೆ ಒಳ್ಳೇದು, ಮುಂದೆ ಪಾಲಿಕೆ ಕಚೇರೀಲಿ ಅದೇ ನಡೆಯೋದು. ಅದರಲ್ಲಿ ಕ್ಯಾನ್ಸರ್ ಅನ್ನೋ ಪದ ಹತ್ತು ಸಲ ಬೇಡ, ಒಂದು ಸಲವೂ ಬೇಕಾಗಿಲ್ಲ. ಮೇ ತಿಂಗಳಲ್ಲಿ ಇಷ್ಟು ಪತ್ರಾಸ್ ಬದಲಾಯಿಸಿದ್ರಿ, ಒಡೆದ ತುಂಡು ಗ್ರೌಂಡಿನ ಇಂಥ ಮೂಲೇಲಿ ಇಂಥ ತಾರೀಕಿನವರೆಗೂ ಬಿದ್ದಿವೆ, ಮಕ್ಕಳು ಆಡ್ತಿದ್ದಾರೆ, ಫೋಟೋ ಜೋಡಿಸಿದೆ, ಅಂತ ನಡೆದದ್ದನ್ನ ನಡೆದ ಹಾಗೆ ಬರೀರಿ. ಕೇಳಬೇಕಾದ್ದು: ಇವತ್ತೇ ಆ ಮೂಲೆಗೆ ಹಗ್ಗ ಕಟ್ಟಿ ಮಕ್ಕಳು ಹೋಗದ ಹಾಗೆ ಮಾಡಿ, ತುಂಡುಗಳನ್ನ ನೀರು ಚಿಮುಕಿಸಿ ಒದ್ದೆ ಮಾಡಿ, ಮತ್ತೆ ಒಡೀದೇ ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ, ಮೇಲೆ ಏನಿದೆ ಅಂತ ಬರೆದು, ಬೀಗ ಇರೋ ಜಾಗದಲ್ಲಿಡಿ, ಕಸದ ಗಾಡಿಗೋ ಭಂಗಾರದವನಿಗೋ (ಗುಜರಿಯವನಿಗೋ) ಕೊಡಬೇಡಿ, ಎತ್ತೋ ಸಿಬ್ಬಂದಿಗೆ ಒಳ್ಳೇ ಮಾಸ್ಕ್ ಕೊಡಿ, ಎಫ್ಎಫ್‌ಪಿ3 ಇಲ್ಲಾ ಪಿ100 ದರ್ಜೆಯದು, ಸಾಮಾನ್ಯ ಮಾಸ್ಕ್ ಬೇಡ, ಪತ್ರಾಸ್ ಬದಲಾಯಿಸಿದ ಕ್ಲಾಸ್ ರೂಮನ್ನ ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೇಲಿ ಒರೆಸಿ. ಇಷ್ಟು ಮಾಡೋಕೆ ಶಾಲೆಗೆ ದೊಡ್ಡ ಖರ್ಚಿಲ್ಲ, ಇಲ್ಲ ಅನ್ನೋಕೆ ಕಾರಣವೂ ಸಿಗಲ್ಲ. ಸಾಧ್ಯ ಆದ್ರೆ ಅದೇ ಅರ್ಜೀಲಿ ಸೈನ್ಸ್ ಲ್ಯಾಬನ್ನೂ ಸೇರಿಸಿ, ಸ್ಪಿರಿಟ್ ದೀಪದ ಮೇಲೆ ಇಡೋ ತಂತಿ ಜಾಲರಿ ಇರುತ್ತಲ್ಲ, ನಡುವೆ ಬಿಳಿ ಗುಂಡು, ಹಳೇವುಗಳಲ್ಲಿ ಆ ಬಿಳೀದು ಅಸ್ಬೆಸ್ಟಾಸೇ, ಉದುರ್ತಾ ಇರುತ್ತೆ, ಸಿಮೆಂಟಲ್ಲಿ ಬಿಗಿದದ್ದಲ್ಲ. ಸೆರಾಮಿಕ್ ಜಾಲರಿ ಅಗ್ಗಕ್ಕೆ ಸಿಗುತ್ತೆ, ಬದಲಾಯಿಸಿ ಅಂದ್ರೆ ಸಾಕು.

ಒಬ್ಬರೇ ಹೋಗಬೇಡಿ. ಹುಡುಗನಿಗೆ ತ್ರಾಸ್ ಆಗಬಹುದು ಅನ್ನೋ ನಿಮ್ಮ ಅಂಜಿಕೆ ಸುಳ್ಳು ಅಂತ ನಾನು ಹೇಳಲ್ಲ, ಒಬ್ಬ ತಾಯಿ ಬಂದ್ರೆ ತಕರಾರು ಅಂತಾರೆ, ಅದೇ ಐದಾರು ಜನ ಪಾಲಕರ ಸಹಿ ಇದ್ರೆ ಯಾರ ಮಗನ್ನ ಅಂತ ಹಿಡೀತಾರೆ. ಪಾಲಕ-ಶಿಕ್ಷಕ ಸಂಘದ ಮೂಲಕ ಬಂದ್ರೆ ಇನ್ನೂ ಒಳ್ಳೇದು, ಮಹಾರಾಷ್ಟ್ರದಲ್ಲಿ ಶುಲ್ಕ ನಿಯಂತ್ರಣದ 2011ರ ಕಾನೂನಿನ ಪ್ರಕಾರ ಖಾಸಗಿ ಶಾಲೆಗೂ ಆ ಸಂಘ ಇರಲೇಬೇಕು. ನಿಮ್ಮದು ಪಾಲಿಕೆ ಶಾಲೆಯೋ ಅನುದಾನಿತ ಶಾಲೆಯೋ ಆಗಿದ್ರೆ ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ ಆರ್‌ಟಿಇ ಪ್ರಕಾರದ ಶಾಲಾ ವ್ಯವಸ್ಥಾಪನ ಸಮಿತಿಗೆ ಹೇಳಿ ಅಂತಿದ್ದೆ. ಟೀಚರುಗಳನ್ನೂ ಮಾತಾಡಿಸಿ. ಹುಡುಗರು ಆ ಕೋಣೇಲಿ ಒಂದು ವರ್ಷ ಕೂರ್ತಾರೆ, ಟೀಚರು ನೌಕರಿ ಮುಗಿಯೋವರೆಗೆ, ಆ ಸಿಪಾಯಿ ದಿನಾ ಪೊರಕೆ ಹಿಡೀತಾನೆ. ಹೆಡ್ ಮೇಡಂಗೂ ಇದನ್ನ ಇದೇ ಥರ, ನಿಮ್ಮ ಉಸಿರಿನ ವಿಷಯವೂ ಹೌದು ಮೇಡಂ ಅಂತ ಹೇಳಿ ನೋಡಿ.

ಹದಿನೈದು ದಿನದಲ್ಲಿ ಏನೂ ಆಗದಿದ್ರೆ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯ ಶಿಕ್ಷಣ ವಿಭಾಗಕ್ಕೆ ಮತ್ತು ಜಿಲ್ಲಾ ಪರಿಷತ್ತಿನ ಶಿಕ್ಷಣಾಧಿಕಾರಿಗೆ ಪೋಚ್ ಆಗಿರೋ ಆ ಪ್ರತಿ ಸಮೇತ ಕೊಡಿ, ರಾಜ್ಯ ಸರ್ಕಾರ ದೂರು ತಗೊಳ್ಳೋ ಆಪ್ಲೆ ಸರ್ಕಾರ್ ಪೋರ್ಟಲ್‌ನಲ್ಲೂ ಹಾಕಿ, ಅಲ್ಲಿ ಟೋಕನ್ ನಂಬರ್ ಸಿಗುತ್ತೆ. ರಾಶಿ ವಿಷಯ ಮಾತ್ರ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಎಂಪಿಸಿಬಿ ಅಂತೀವಲ್ಲ, ಅವರಿಗೆ ಬೇರೆಯಾಗಿ ಬರೀರಿ. ಇಲ್ಲೊಂದು ಸೂಕ್ಷ್ಮ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟೀಲಿ ಎಸೆದ ಅಸ್ಬೆಸ್ಟಾಸ್‌ನ ಹೆಸರಿದೆ, ಆದ್ರೆ ಅದಿರೋದು ಅಸ್ಬೆಸ್ಟಾಸ್ ಮಾಲು ತಯಾರಿಸೋ ಕಾರ್ಖಾನೆಗಳ ಸಾಲಲ್ಲಿ, ಹಾಗಾಗಿ ಶಾಲೆಯವರು ಇದು ನಮಗೆ ಸಂಬಂಧ ಇಲ್ಲ ಅನ್ನಬಹುದು. ಅದಕ್ಕೇ ನೀವು ಕಾನೂನು ವಾದ ಮಾಡೋಕೆ ಹೋಗದೇ ಮಂಡಳಿಯನ್ನೇ ಕೇಳಿ, ಈ ಶಾಲೆಯಲ್ಲಿರೋ ಇಷ್ಟು ತುಂಡನ್ನ ಎಲ್ಲಿಗೆ ಕಳಿಸಬೇಕು, ಲಿಖಿತವಾಗಿ ತಿಳಿಸಿ ಅಂತ. ಪುಣೆ ಕಡೆಯವರಿಗೆ ರಾಂಜಣಗಾವ್‌ನಲ್ಲಿ, ಮುಂಬೈ ಕಡೆಯವರಿಗೆ ತಳೋಜಾದಲ್ಲಿ ಅಪಾಯಕಾರಿ ತ್ಯಾಜ್ಯ ಹೂಳೋ ಕೇಂದ್ರಗಳಿವೆ, ಜಾಗ ಇಲ್ಲ ಅನ್ನೋ ಹಾಗಿಲ್ಲ. ಅದಕ್ಕೂ ಮುಂದೆ ಹೋಗಬೇಕಾದ್ರೆ ರಾಜ್ಯ ಬಾಲಹಕ್ಕು ಆಯೋಗ ಇದೆ, ಹಸಿರು ನ್ಯಾಯಮಂಡಳಿಯ ಪಶ್ಚಿಮ ವಲಯದ ಪೀಠ ಪುಣೇಲೇ ಇದೆ, ಆದ್ರೆ ಆ ಮೆಟ್ಟಿಲು ಹತ್ತೋ ಪ್ರಸಂಗ ಬರಲ್ಲ ಅಂತ ನನ್ನ ಅಂದಾಜು, ಹೆಚ್ಚಿನವು ಎರಡನೇ ಅರ್ಜಿಗೇ ಅಲುಗಾಡ್ತವೆ. ಪಾಲಿಕೆಯವರು ಆ ಕಟ್ಟಡಕ್ಕೆ ಏನೇನು ಪರವಾನಗಿ ಕೊಟ್ಟಿದ್ದಾರೆ ಅಂತ ತಿಳೀಬೇಕಾದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ, 30 ದಿನ.

ಕೊನೆಗೆ ಮಾಡಿನದ್ದೇ ಪ್ರಶ್ನೆ ಬಂದಾಗ ಶಾಲೆಯ ಮುಂದೆ ಮೂರು ದಾರಿ. ಪತ್ರಾಸ್ ಗಟ್ಟಿ ಇದ್ರೆ ಹಾಗೇ ಬಿಟ್ಟು, ಮೇಲೆ ಬಣ್ಣದ ಲೇಪ ಕೊಟ್ಟು, ಇನ್ಮುಂದೆ ಇದಕ್ಕೆ ಡ್ರಿಲ್ ಇಲ್ಲ ಅಂತ ರಿಜಿಸ್ಟರಲ್ಲಿ ಬರೆದು, ವರ್ಷಕ್ಕೊಮ್ಮೆ ಮಳೆಗಾಲ ಮುಗಿದಮೇಲೆ ನೋಡೋದು. ಅಗ್ಗದ್ದು ಇದು, ತೊಂದರೆ ಏನಂದ್ರೆ ಹೊಸ ಹೆಡ್ ಮಾಸ್ಟರು, ಹೊಸ ಎಲೆಕ್ಟ್ರಿಶಿಯನ್ ಬಂದಾಗ ರಿಜಿಸ್ಟರ್ ಯಾರೂ ತೆಗೆದು ನೋಡಲ್ಲ. ಲೇಪ ಹಚ್ಚೋ ಮೊದಲು ಉಜ್ಜಿ ಸ್ವಚ್ಛ ಮಾಡ್ತೀವಿ ಅಂತಾರೆ ನೋಡಿ, ಆ ಒಣ ಉಜ್ಜೋದನ್ನ ಮಾತ್ರ ತಡೀಬೇಕು. ಕೆಳಗೆ ಫಾಲ್ಸ್ ಸೀಲಿಂಗ್ ಹಾಕೋದೂ ಒಳ್ಳೇದೇ, ಆದ್ರೆ ಅದನ್ನ ಪತ್ರಾಸಿಗೆ ತೂತು ಹೊಡೆದು ನೇತು ಹಾಕಬಾರದು, ಕಬ್ಬಿಣದ ಚೌಕಟ್ಟಿಗೇ ಕಟ್ಟಬೇಕು. ಎರಡನೇದು, ಹಳೇದರ ಮೇಲೆ ಹೊಸ ತಗಡಿನ ಮಾಡು ಹೊದಿಸೋದು, ಸೋರೋದು ನಿಲ್ಲುತ್ತೆ, ಭಾರ ಹೊರೋಕೆ ಚೌಕಟ್ಟಿಗೆ ಶಕ್ತಿ ಇದೆಯಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೇ ಮಾಡಬಾರದು, ತೆಗೆಯೋ ಕೆಲಸ ಮುಂದಕ್ಕೆ ಹೋಯ್ತೇ ಹೊರತು ತಪ್ಪಲಿಲ್ಲ. ಮೂರನೇದು ಪೂರ್ತಿ ತೆಗೆಯೋದು. ಕೇರಳದ ಮಾನವ ಹಕ್ಕು ಆಯೋಗ 2009ರಲ್ಲೇ ಸರ್ಕಾರಿ ಶಾಲೆಗಳ ಅಸ್ಬೆಸ್ಟಾಸ್ ಮಾಡನ್ನ ಹಂತಹಂತವಾಗಿ ತೆಗೆದು ನಾಡಹೆಂಚು ಹಾಕಿ ಅಂತ ಶಿಫಾರಸು ಮಾಡಿತ್ತು, ನಿಮ್ಮ ಶಾಲೆಯ ಪತ್ರಾಸ್ ಪುಡಿ ಬಿಡೋ ಸ್ಥಿತಿಗೆ ಬಂದಿದ್ರೆ ನಾನೂ ಅದನ್ನೇ ಹೇಳ್ತೀನಿ.

ಆದ್ರೆ ತೆಗೆಯೋದಾದ್ರೆ ದೊಡ್ಡ ರಜೇಲಿ, ಕೋಣೆಯ ಬೆಂಚು ಬೋರ್ಡು ಎಲ್ಲಾ ಹೊರಗೆ ಹಾಕಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಪತ್ರಾಸನ್ನ ಸಣ್ಣ ಹನಿಯಲ್ಲಿ ನೆನೆಸಿ, ಪತ್ರಾಸನ್ನ ಚೌಕಟ್ಟಿಗೆ ಹಿಡಿದಿಡೋ ಜೆ ಹುಕ್ಕಿನ ನಟ್ಟು ಬಿಚ್ಚಿಯೋ ಹುಕ್ಕನ್ನೇ ಕತ್ತರಿಸಿಯೋ ಇಡೀ ಪತ್ರಾಸನ್ನ ಇಡಿಯಾಗಿಯೇ ಕೆಳಗಿಳಿಸಿ, ಎಸೀದೇ, ಒಡೀದೇ. ಮೇಲೆ ಹತ್ತೋರು ಪತ್ರಾಸ್ ಮೇಲೆ ನೇರ ಕಾಲಿಡಬಾರದು, ಹಲಗೆ ಹಾಕಿ, ಬೆಲ್ಟ್ ಕಟ್ಟಿ. ಇದನ್ನ ಒತ್ತಿ ಹೇಳ್ತೀನಿ, ಅಸ್ಬೆಸ್ಟಾಸ್ 40 ವರ್ಷಕ್ಕೆ ಕೊಲ್ಲಬಹುದು, ಹಳೇ ಪತ್ರಾಸ್ ಮುರಿದು ಮಾಡಿನಿಂದ ಬಿದ್ದವನು ಅವತ್ತೇ ಸಾಯ್ತಾನೆ, ಅಂಥ ಸಾವು ನಾನು ಎರಡು ನೋಡಿದ್ದೀನಿ. ಆ ಕೆಲಸಕ್ಕೆ ಬರೋರು ಕಲಬುರ್ಗಿ, ಯಾದಗಿರಿ, ನಿಮ್ಮ ವಿಜಯಪುರದವರೇ ಇರ್ತಾರೆ. ಶಾಲೆ ಕಾಂಟ್ರಾಕ್ಟರನಿಗೆ ಕೊಡೋ ವರ್ಕ್ ಆರ್ಡರಲ್ಲೇ ಮಾಸ್ಕು, ಬೆಲ್ಟು, ನೆನೆಸೋದು, ಇಡಿಯಾಗಿ ಇಳಿಸೋದು, ಎಲ್ಲಿಗೆ ಒಯ್ದು ಹಾಕ್ತಾರೆ ಅನ್ನೋದರ ರಸೀದಿ, ಇಷ್ಟೂ ಬರೆದಿರಬೇಕು ಅಂತ ನಿಮ್ಮ ಸಂಘದವರು ಕೇಳಿ. ಹೊಸ ಮಾಡಿಗೆ ಬರೀ ತಗಡು ಹಾಕಿದ್ರೆ ಏಪ್ರಿಲ್‌ನಲ್ಲಿ ಮಕ್ಕಳು ಬೇಯ್ತಾರೆ, ಜುಲೈನಲ್ಲಿ ಮಳೆ ಸದ್ದಿಗೆ ಪಾಠ ಕೇಳಿಸಲ್ಲ, ಒಳಗೆ ಇನ್ಸುಲೇಷನ್ ಇರೋ ಪ್ಯಾನೆಲ್ ಕೇಳಿ, ಖರ್ಚು ಜಾಸ್ತಿ, ಆದ್ರೂ ಕೇಳಿ.

ಸೋಮವಾರ ಆ ಮೂಲೆಗೆ ಹಗ್ಗ ಕಟ್ಟಿಸೋದೊಂದು ಆಗಲಿ, ಮಿಕ್ಕಿದ್ದು ಆಮೇಲೆ. ಮಗನಿಗೆ ಬೇರೆ ಬಿಲ್ಲೆ ಹುಡುಕಿಕೊಡಿ, ನಿಮ್ಮ ಬಿಲ್ಡಿಂಗಿನ ಹಿಂದೆ ಎಲ್ಲಾದ್ರೂ ಶಹಾಬಾದ್ ಫರಸಿಯ ಒಡೆದ ಚೂರು ಬಿದ್ದಿರುತ್ತೆ, ಚೂಪು ಅಂಚಿಲ್ಲದ್ದು ನೋಡಿ ತೊಳೆದು ಕೊಡಿ, ಕುಂಟಾಬಿಲ್ಲೆಗೆ ಅದು ಚೆನ್ನಾಗಿ ಜಾರುತ್ತೆ.